ಗೋಲ್ಡ್ ಫಿಶ್‌ಗೆ ಗಾಯವಾಗಿದೆ, ಜೊತೆಗೆ ಸಕ್ಕರ್ ಮೀನಿದೆ: ಯಾರನ್ನು ಬೇರೆ ಮಾಡಲಿ?

ಬೆಣ್ಣೆನಗರಿ · ಭಾನುವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಇದೆ. ಅದರಲ್ಲಿರುವುದು ಎರಡೇ ಜೀವ. ಒಂದು ತಲೆಯ ಮೇಲೆ ಟೋಪಿಯಂತೆ ಗಂಟಿರುವ ಒರಾಂಡಾ ಗೋಲ್ಡ್ ಫಿಶ್, ಹೆಸರು ಬೆಣ್ಣೆ. ಇನ್ನೊಂದು ಗಾಜಿಗೆ ಅಂಟಿಕೊಂಡೇ ಇರುವ ಕಪ್ಪು ಸಕ್ಕರ್ ಮೀನು, ಹೆಸರು ಸಿಪಾಯಿ. ಹೆಸರಿಟ್ಟವಳು ನಾಲ್ಕನೆಯ ತರಗತಿಯ ಮಗಳು.

ಮೂರು ದಿನಗಳಿಂದ ಬೆಣ್ಣೆಯ ಎರಡೂ ಪಕ್ಕದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಗಾಯಗಳು ಕಾಣಿಸುತ್ತಿವೆ. ಅಲ್ಲಿ ಹುರುಪೆ ಉದುರಿ ಕೆಂಪಾಗಿದೆ. ಬಾಲದ ಅಂಚೂ ಹರಿದಿದೆ. ದಿನವಿಡೀ ಮೂಲೆಯಲ್ಲಿ ತಳಕ್ಕೆ ಕೂತಿರುತ್ತದೆ, ಆಹಾರ ಹಾಕಿದರೆ ಬಂದು ಎರಡು ಕಾಳು ತಿಂದು ಹಿಂತಿರುಗುತ್ತದೆ. ಸಿಪಾಯಿ ಮಾತ್ರ ಗುಂಡುಕಲ್ಲಿನಂತಿದ್ದಾನೆ.

ಮಾವನವರು ಅರಿಶಿನ ಹಾಕು ಎನ್ನುತ್ತಾರೆ. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಉಪ್ಪು ಹಾಕಬಹುದೇ? ಗಾಯಗೊಂಡದ್ದನ್ನು ಬೇರೆ ಇಟ್ಟರೆ ಜೊತೆಯಿಲ್ಲದೆ ಇನ್ನಷ್ಟು ಕುಗ್ಗುತ್ತದೆಯೇ? ಚಿತ್ರ ಹಾಕಿದ್ದೇನೆ, ಮಬ್ಬಾಗಿದೆ, ಕ್ಷಮಿಸಿ.

ಕಲ್ಲುಪ್ಪು · ಭಾನುವಾರ, ರಾತ್ರಿ 10:30

ನೀಲಿ ಔಷಧಿಯ ಮುಚ್ಚಳವನ್ನು ಇವತ್ತು ತೆರೆಯಬೇಡಿ. ಅದು ಮೆಥಿಲೀನ್ ಬ್ಲೂ ಆಗಿರುತ್ತದೆ. ಬೂಷ್ಟಿಗೆ ಒಳ್ಳೆಯದು, ಆದರೆ ತೊಟ್ಟಿಗೇ ಸುರಿದರೆ ಗಾಜಿನ ಅಂಟೆಲ್ಲ ನೀಲಿಯಾಗುತ್ತದೆ, ಫಿಲ್ಟರಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ. ತೊಟ್ಟಿಯಲ್ಲಿ ಚೂಪಾದದ್ದು ಏನಾದರೂ ಇದೆಯೇ? ಪ್ಲಾಸ್ಟಿಕ್ ಗಿಡ, ಪಿಂಗಾಣಿಯ ಕೋಟೆ, ಅಂತಹದ್ದು?

ಬೆಣ್ಣೆನಗರಿ · ಭಾನುವಾರ, ರಾತ್ರಿ 10:34

ಎರಡೂ ಇವೆ. ಕೋಟೆಗೆ ಬಾಗಿಲೂ ಇದೆ.

ಕಲ್ಲುಪ್ಪು · ಭಾನುವಾರ, ರಾತ್ರಿ 10:41

ಹಳೆಯ ತೆಳು ನೈಲಾನ್ ಬಟ್ಟೆಯನ್ನು ಅವುಗಳ ಮೇಲೆ ಎಳೆದು ನೋಡಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಈಜುರೆಕ್ಕೆಯೂ ಸಿಕ್ಕಿಕೊಂಡು ಹರಿಯುತ್ತದೆ. ಒರಾಂಡಾ ಈಜುವುದೇ ತುಂಬಿದ ಬಸುರಿ ನಡೆದಂತೆ, ಚೂಪು ಕಂಡರೆ ಥಟ್ಟನೆ ತಿರುಗುವ ಜಾತಿಯಲ್ಲ.

ಹೊಸಬ_77 · ಭಾನುವಾರ, ರಾತ್ರಿ 10:50

ಐವತ್ತು ರೂಪಾಯಿಯ ಮೀನಿಗೆ ಇಷ್ಟು ಚರ್ಚೆಯೇ? ಹೊಸದು ತಂದು ಬಿಡಿ. ಹೇಗೂ ಮೀನಿಗೆ ನೆನಪು ಮೂರೇ ಸೆಕೆಂಡು.

ಬೆಣ್ಣೆನಗರಿ · ಭಾನುವಾರ, ರಾತ್ರಿ 10:53

ನನ್ನ ಮಗಳ ನೆನಪು ಅದಕ್ಕಿಂತ ಉದ್ದವಿದೆ ಸರ್.

ಕಡಲಕರೆ · ಭಾನುವಾರ, ರಾತ್ರಿ 11:05

ಮೂರು ಸೆಕೆಂಡಿನ ಕಥೆ ಶುದ್ಧ ಸುಳ್ಳು. ಗೋಲ್ಡ್ ಫಿಶ್‌ಗೆ ಬೆಳಕು, ಶಬ್ದ, ಆಹಾರದ ಹೊತ್ತು ಇವನ್ನೆಲ್ಲ ಕಲಿಸಬಹುದು. ಕಲಿತದ್ದನ್ನು ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಮರೆಯುವುದಿಲ್ಲ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕಿದ್ದ ಗೋಲ್ಡ್ ಫಿಶ್ 43 ವರ್ಷ ಬದುಕಿತ್ತು. ಐವತ್ತು ರೂಪಾಯಿ ಎಂಬುದು ಅಂಗಡಿಯ ಲೆಕ್ಕ.

ಇನ್ನು ವಿಷಯಕ್ಕೆ. ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದೇನೆ, ವೈದ್ಯನಲ್ಲ, ಅದನ್ನು ಗಮನದಲ್ಲಿಟ್ಟುಕೊಂಡು ಓದಿ. ಮಬ್ಬು ಚಿತ್ರವನ್ನೇ ದೊಡ್ಡದು ಮಾಡಿ ನೋಡಿದೆ. ಕೋಟೆಗೆ ಉಜ್ಜಿದ್ದರೆ ಗೆರೆಯಂತಹ ಗಾಯವಾಗಬೇಕಿತ್ತು, ಅದೂ ಬಹುಮಟ್ಟಿಗೆ ಒಂದೇ ಕಡೆ. ಇಲ್ಲಿ ಎರಡೂ ಪಕ್ಕದಲ್ಲಿ ದುಂಡು ಗುರುತುಗಳಿವೆ, ಸುತ್ತ ಲೋಳೆಯೇ ಇಲ್ಲದಂತೆ ಮಂಕಾಗಿದೆ. ದಾರದ ತುಂಡಿನಂತೆ ಏನಾದರೂ ಗಾಯದಿಂದ ಹೊರಗೆ ನೇತಾಡುತ್ತಿದ್ದರೆ ಅದು ಲರ್ನಿಯಾ ಎಂಬ ಪರಾವಲಂಬಿ, ಚಿತ್ರದಲ್ಲಿ ನನಗೆ ಕಾಣಲಿಲ್ಲ. ಹುರುಪೆಗಳೆಲ್ಲ ಹಲಸಿನ ಹಣ್ಣಿನ ಮುಳ್ಳಿನಂತೆ ನಿಗುರಿ ನಿಂತಿದ್ದರೆ ಅದು ಬೇರೆಯೇ ಕಾಯಿಲೆ, ಅದೂ ಇಲ್ಲ.

ನನಗೆ ಅನುಮಾನ ಸಿಪಾಯಿಯ ಮೇಲೆ. ರಾತ್ರಿ ಒಂದು ಗಂಟೆಗೆ ಎದ್ದು, ದೀಪ ಹಾಕದೆ, ಮೊಬೈಲ್ ಬೆಳಕನ್ನು ಬೆರಳಿನಿಂದ ಮುಚ್ಚಿಕೊಂಡು ಮಂದವಾಗಿ ತೊಟ್ಟಿಗೆ ಬಿಟ್ಟು ನೋಡಿ.

ತುಂಗಾತೀರ · ಭಾನುವಾರ, ರಾತ್ರಿ 11:20

ಪಾಪದ ಪ್ರಾಣಿಯ ಮೇಲೆ ಅಪವಾದ ಬೇಡ. ಸಕ್ಕರ್ ಮೀನು ಪಾಚಿ ತಿನ್ನುವುದು, ಸಸ್ಯಾಹಾರಿ. ನಮ್ಮ ಅಜ್ಜಿ ಬಾವಿಯ ಮೀನಿಗೆ ಗಾಯವಾದರೆ ಅರಿಶಿನ ಮೆತ್ತಿ ಬಿಡುತ್ತಿದ್ದರು, ಎರಡು ವಾರದಲ್ಲಿ ಸರಿಯಾಗುತ್ತಿತ್ತು. ಅರಿಶಿನವನ್ನು ಹಗುರವಾಗಿ ಕಾಣಬೇಡಿ.

ಬೆಣ್ಣೆನಗರಿ · ಸೋಮವಾರ, ಬೆಳಗಿನ ಜಾವ 1:26

ನೋಡಿದೆ. ಕೈ ಇನ್ನೂ ನಡುಗುತ್ತಿದೆ.

ಬೆಣ್ಣೆ ಮೂಲೆಯಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿತ್ತು. ಸಿಪಾಯಿ ಗಾಜು ಬಿಟ್ಟು ನಿಧಾನವಾಗಿ ಬಂದು ಅದರ ಪಕ್ಕೆಗೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಬೆಣ್ಣೆ ಒದ್ದಾಡಿ ಇಡೀ ತೊಟ್ಟಿ ಸುತ್ತಿತು. ಇದು ಅಂಟಿಕೊಂಡೇ ಹೋಯಿತು. ನಾನು ಗಾಜು ತಟ್ಟಿದ ಮೇಲೆ ಬಿಟ್ಟಿತು. ಸಿಪಾಯಿಯನ್ನು ಹಿಡಿಯಲು ಹೋದರೆ ಬಲೆಗೆ ಸಿಕ್ಕಿಕೊಂಡು ಬಿಡಿಸಲಾಗುತ್ತಿಲ್ಲ, ಏನು ಮಾಡಲಿ? ಯಾರಾದರೂ ಎಚ್ಚರವಿದ್ದೀರಾ?

ಡಲ್ಲಾಸಿನಿಂದ · ಸೋಮವಾರ, ಬೆಳಗಿನ ಜಾವ 1:31

ಇದ್ದೇನೆ, ನಮಗಿಲ್ಲಿ ಇನ್ನೂ ಮಧ್ಯಾಹ್ನ. ಎಳೆಯಬೇಡಿ ಅಕ್ಕಾ. ಅದರ ಎದೆಯ ಎರಡು ಈಜುರೆಕ್ಕೆಗಳ ಮುಂದೆ ಗಟ್ಟಿ ಮುಳ್ಳುಗಳಿವೆ, ಹೆದರಿದಾಗ ಅವನ್ನು ಅಗಲಿಸುತ್ತದೆ. ಎಳೆದರೆ ಮುಳ್ಳೂ ಮುರಿಯುತ್ತದೆ, ನಿಮ್ಮ ಕೈಯೂ ಕೊಯ್ಯುತ್ತದೆ. ಬಲೆಯ ಸಮೇತ ನೀರಿರುವ ಬಕೆಟ್ಟಿಗೆ ಇಳಿಸಿ, ಬಲೆಯ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ. ಬಲೆ ಮೂವತ್ತು ರೂಪಾಯಿಗೆ ಹೊಸದು ಸಿಗುತ್ತದೆ. ಮುಂದಿನ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಿರಿ.

ಬೆಣ್ಣೆನಗರಿ · ಸೋಮವಾರ, ಬೆಳಗಿನ ಜಾವ 1:44

ಕತ್ತರಿಸಿದೆ. ಬಕೆಟ್ಟಿನಲ್ಲಿದೆ. ತಟ್ಟೆ ಮುಚ್ಚಿ ಮೇಲೆ ಕುಟ್ಟಾಣಿ ಇಟ್ಟಿದ್ದೇನೆ. ಧನ್ಯವಾದ ತಮ್ಮಾ.

ಹಳೇಪೇಟೆ · ಸೋಮವಾರ, ಬೆಳಿಗ್ಗೆ 7:02

ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತಲ್ಲ. ಹೆಸರು ಬೇರೆ ಸಿಪಾಯಿ!

ತುಂಗಾತೀರ · ಸೋಮವಾರ, ಬೆಳಿಗ್ಗೆ 7:30

ನನ್ನ ಮಾತು ವಾಪಸ್ ತೆಗೆದುಕೊಂಡೆ. ಅರಿಶಿನದ ಮಾತನ್ನಲ್ಲ.

ಕಡಲಕರೆ · ಸೋಮವಾರ, ಬೆಳಿಗ್ಗೆ 8:10

ಸಕ್ಕರ್ ಮೀನು ಮರಿಯಾಗಿದ್ದಾಗ ಪಾಚಿಯನ್ನು ಚೆನ್ನಾಗಿಯೇ ಕೆರೆಯುತ್ತದೆ. ಬೆಳೆದಂತೆ ಪಾಚಿಯ ಮೇಲಿನ ಆಸಕ್ತಿ ಕಡಿಮೆಯಾಗುತ್ತದೆ, ತೊಟ್ಟಿಯಲ್ಲಿ ಪಾಚಿಯೂ ಮುಗಿದಿರುತ್ತದೆ. ಆಗ ನಿಧಾನವಾಗಿ ಈಜುವ, ಅಗಲ ಮೈಯ ಮೀನುಗಳ ಲೋಳೆ ಅದಕ್ಕೆ ಸುಲಭದ ಊಟ. ಗೋಲ್ಡ್ ಫಿಶ್, ಡಿಸ್ಕಸ್ ಈ ಎರಡಕ್ಕೂ ಇದೇ ಗೋಳು. ಲೋಳೆ ಎಂದರೆ ಮೀನಿನ ರಕ್ಷಾಕವಚ. ಅದು ಹೋದ ಜಾಗದಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ, ಆಮೇಲೆ ಬೂಷ್ಟು.

ಅಕ್ಕ, ಸಿಪಾಯಿಗೆ ಪ್ರತ್ಯೇಕವಾಗಿ ಏನು ಆಹಾರ ಹಾಕುತ್ತಿದ್ದಿರಿ?

ಬೆಣ್ಣೆನಗರಿ · ಸೋಮವಾರ, ಬೆಳಿಗ್ಗೆ 8:25

ಏನೂ ಇಲ್ಲ. "ಬೇರೆ ಆಹಾರ ಬೇಡ, ಕಸ ತಿಂದುಕೊಂಡಿರುತ್ತದೆ" ಎಂದು ಹೇಳಿದ್ದರು. ಒಂದೂವರೆ ವರ್ಷವಾಯಿತು.

ಕಡಲಕರೆ · ಸೋಮವಾರ, ಬೆಳಿಗ್ಗೆ 8:27

ಹಾಗಿದ್ದರೆ ಅದು ಹಸಿದಿತ್ತು, ಅಷ್ಟೇ.

ಹಳೇಪೇಟೆ · ಸೋಮವಾರ, ಬೆಳಿಗ್ಗೆ 8:40

ಸುಮ್ಮನೆ ಕುಂದುವಾಡ ಕೆರೆಗೆ ಬಿಟ್ಟು ಬನ್ನಿ. ಕೊಂದ ಪಾಪವೂ ಇಲ್ಲ, ಸಾಕುವ ಕಷ್ಟವೂ ಇಲ್ಲ.

ಕೆಂಪುಕೆರೆ · ಸೋಮವಾರ, ಬೆಳಿಗ್ಗೆ 9:15

ಇದೊಂದು ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಪಾಲಿಸಬೇಡಿ. ಕುಂದುವಾಡ ಕೆರೆ ದಾವಣಗೆರೆ ಕುಡಿಯುವ ನೀರಿನ ಕೆರೆ, ಭದ್ರಾ ನಾಲೆಯಿಂದ ತುಂಬುವುದು. ಅಲ್ಲಿಗೆ ಬರುವ ಹಕ್ಕಿಗಳನ್ನು ನೋಡಲೆಂದೇ ಜನ ಹೋಗುತ್ತಾರೆ.

ಸಕ್ಕರ್ ಮೀನು ದಕ್ಷಿಣ ಅಮೆರಿಕದ ನದಿಗಳದ್ದು. ಮೈತುಂಬ ಎಲುಬಿನ ಫಲಕಗಳಿರುವುದರಿಂದ ನಮ್ಮ ಹಕ್ಕಿಗಳು ಅದನ್ನು ಸುಲಭವಾಗಿ ನುಂಗಲಾರವು. ಉಸಿರಾಡಲು ನೀರು ಕೊಳಕಾದರೂ ಅದಕ್ಕೆ ಚಿಂತೆಯಿಲ್ಲ, ಮೇಲೆ ಬಂದು ಗಾಳಿ ನುಂಗುತ್ತದೆ. ಮೊಟ್ಟೆ ಇಡಲು ಕೆರೆಯ ಏರಿ, ದಡಗಳಲ್ಲಿ ಬಿಲ ತೋಡುತ್ತದೆ, ದಡ ಕುಸಿಯುತ್ತದೆ. ಕೋಲ್ಕತ್ತದ ಪೂರ್ವದ ಜೌಗುಭೂಮಿಯಲ್ಲಿ, ಕೇರಳದಲ್ಲಿ, ತಮಿಳುನಾಡಿನಲ್ಲಿ ಇದು ಈಗಾಗಲೇ ನೆಲೆಯೂರಿದೆ. ಮೆಕ್ಸಿಕೋದ ಇನ್ಫಿಯರ್ನಿಯೋ ಜಲಾಶಯದಲ್ಲಿ ತಿಲಾಪಿಯಾ ಹಿಡಿಯುತ್ತಿದ್ದವರ ಬಲೆಗೆ ಕೊನೆಗೆ ಇದೇ ಬೀಳತೊಡಗಿತು, ಬಲೆಯೂ ಹರಿಯಿತು. ಇವೆಲ್ಲ ಶುರುವಾದದ್ದು ಯಾರೋ ಒಬ್ಬರು "ಪಾಪ, ಕೊಲ್ಲುವುದು ಬೇಡ" ಎಂದುಕೊಂಡದ್ದರಿಂದಲೇ.

ನಾವು ಭಾನುವಾರಗಳಲ್ಲಿ ಬೆಂಗಳೂರಿನ ಕೆರೆಯೊಂದರ ದಡದಲ್ಲಿ ಕಸ ಎತ್ತುತ್ತೇವೆ. ಮೀನು ಹಿಡಿಯುವವರು ಬಲೆ ಎಳೆದು, ಇದು ಸಿಕ್ಕರೆ ದಡಕ್ಕೆ ಎಸೆದು ಬಯ್ಯುತ್ತಾರೆ. ಅವರು ಬಯ್ಯುವುದು ನಮ್ಮಂತಹವರನ್ನು.

ಹಳೇಪೇಟೆ · ಸೋಮವಾರ, ಬೆಳಿಗ್ಗೆ 9:22

ಸರಿ ಸ್ವಾಮಿ, ಒಂದು ಮೀನಿಗೆ ಮೆಕ್ಸಿಕೋವರೆಗೂ ಹೋಗಿ ಬಂದಿರಿ.

ಅಂಗಡಿ ಮಾಲೀಕ · ಸೋಮವಾರ, ಬೆಳಿಗ್ಗೆ 10:05

ಹುಬ್ಬಳ್ಳಿಯಲ್ಲಿ ಹದಿನಾಲ್ಕು ವರ್ಷಗಳಿಂದ ಮೀನಿನ ಅಂಗಡಿ ನಡೆಸುತ್ತಿದ್ದೇನೆ. ಎಲ್ಲರೂ ಅಂಗಡಿಯವರಿಗೆ ಬಯ್ಯುವ ಮುನ್ನ ನಮ್ಮ ಮಾತನ್ನೂ ಕೇಳಿ. ಬರುವ ಗಿರಾಕಿಗಳಲ್ಲಿ ಹತ್ತರಲ್ಲಿ ಎಂಟು ಮಂದಿ ಕೇಳುವುದು ಒಂದೇ: "ತೊಳೆಯುವ ಕೆಲಸ ಇಲ್ಲದ ಹಾಗೆ ಏನಾದರೂ ಕೊಡಿ." ಬೆರಳುದ್ದದ ಸಕ್ಕರ್ ಮೀನು ಒಂದಡಿಗಿಂತ ಹೆಚ್ಚು ಬೆಳೆಯುತ್ತದೆ ಎಂದು ಹೇಳಿದರೆ ಎದುರಿನ ಅಂಗಡಿಗೆ ಹೋಗುತ್ತಾರೆ. ನಾನು ಹೇಳಿಯೇ ಮಾರುತ್ತೇನೆ. ಸುಳ್ಳೇಕೆ, ವ್ಯಾಪಾರ ಕಡಿಮೆಯಾದ ತಿಂಗಳು ಹೇಳದೆಯೂ ಮಾರಿದ್ದೇನೆ.

ಕಲ್ಲುಪ್ಪು · ಸೋಮವಾರ, ಬೆಳಿಗ್ಗೆ 10:20

ಇಷ್ಟಾದರೂ ಒಪ್ಪಿಕೊಂಡಿರಲ್ಲ. ಇನ್ನೊಂದು ವಿಷಯ: ಇದು ಕಸ ತಿನ್ನುವ ಮೀನೇ ಅಲ್ಲ. ಗೋಲ್ಡ್ ಫಿಶ್‌ನ ಹಿಕ್ಕೆಯನ್ನು ಯಾವ ಮೀನೂ ತಿಂದು ತೊಟ್ಟಿ ತೊಳೆಯುವುದಿಲ್ಲ. ಸಕ್ಕರ್ ತಾನೇ ನೂಲಿನಂತೆ ಹಿಕ್ಕೆ ಹಾಕುವುದನ್ನು ನೋಡಿದವರಿಗೆ ಸ್ವಚ್ಛತೆಯ ಮಾತು ನಗು ತರಿಸುತ್ತದೆ.

ನೀರಿನ ಮೇಷ್ಟ್ರು · ಸೋಮವಾರ, ಮಧ್ಯಾಹ್ನ 12:40

ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು, ಈಗ ಮೈಸೂರಿನಲ್ಲಿ ಆರು ತೊಟ್ಟಿಗಳ ಸೇವೆಯಲ್ಲಿದ್ದೇನೆ. ಕಳ್ಳನನ್ನು ಹಿಡಿದ ಸಂಭ್ರಮದಲ್ಲಿ ಯಾರೂ ನೀರಿನ ಬಗ್ಗೆ ಕೇಳಲಿಲ್ಲ. ತಾಯೀ, ನೀರು ಬದಲಿಸುವುದು ಹೇಗೆ, ಎಷ್ಟು ದಿನಕ್ಕೊಮ್ಮೆ, ಫಿಲ್ಟರ್ ಎಲ್ಲಿ ತೊಳೆಯುತ್ತೀರಿ?

ಬೆಣ್ಣೆನಗರಿ · ಸೋಮವಾರ, ಮಧ್ಯಾಹ್ನ 1:10

ತಿಂಗಳಿಗೊಮ್ಮೆ ನೀರೆಲ್ಲ ಖಾಲಿ ಮಾಡಿ, ಕಲ್ಲು, ಕೋಟೆ, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸುತ್ತೇವೆ. ಹೋದ ವಾರ ಹಬ್ಬವೆಂದು ಸೋಪಿನ ಪುಡಿಯನ್ನೂ ಹಾಕಿ ತೊಳೆದೆ. ಸ್ವಚ್ಛವಾಗಿರಲಿ ಎಂದು.

ನೀರಿನ ಮೇಷ್ಟ್ರು · ಸೋಮವಾರ, ಮಧ್ಯಾಹ್ನ 1:55

ಸಿಕ್ಕಿತು ನೋಡಿ ಇನ್ನೊಬ್ಬ ಆರೋಪಿ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಕೂತಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದನ್ನು ಮೀನು ಬಹಳಮಟ್ಟಿಗೆ ತಾಳಿಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳ ಸಂಸಾರ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ನಾಲ್ಕು ವಾರಕ್ಕೊಮ್ಮೆ ಆ ಸಂಸಾರವನ್ನು ಕ್ಲೋರಿನ್ ನೀರಿನಲ್ಲಿ ಕೊಂದು ಬಿಸಿಲಿಗೆ ಹಾಕುತ್ತಿದ್ದಿರಿ.

ಅಮೋನಿಯಾ ಮೈಗೆ ತಾಗಿದಾಗ ಮೀನು ಉರಿ ತಡೆಯಲು ಲೋಳೆಯನ್ನು ಹೆಚ್ಚು ಸುರಿಸುತ್ತದೆ. ಹಸಿದ ಸಕ್ಕರ್ ಪಕ್ಕದಲ್ಲೇ ಇತ್ತು. ಮುಂದಿನದನ್ನು ನೀವೇ ಕಣ್ಣಾರೆ ಕಂಡಿದ್ದೀರಿ. ಬೇಸರಪಡಬೇಡಿ. ನಾನೂ ಮೊದಲ ತೊಟ್ಟಿಯನ್ನು ವಿಮ್ ಪುಡಿಯಲ್ಲೇ ತೊಳೆದವನು.

ಕಡಲಕರೆ · ಸೋಮವಾರ, ಮಧ್ಯಾಹ್ನ 2:20

ಮೇಷ್ಟ್ರು ಹೇಳಿದ ಸರಪಳಿ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಬೆಣ್ಣೆನಗರಿ · ಸೋಮವಾರ, ಸಂಜೆ 5:30

ಇವತ್ತು ಸಂಜೆಯಿಂದಲೇ ಏನು ಮಾಡಲಿ, ಯಾರಾದರೂ ಒಬ್ಬರು ಬಿಡಿಸಿ ಹೇಳಿ. ಇಂಟರ್‌ನೆಟ್‌ನಲ್ಲಿ ಉಪ್ಪಿನ ಅಳತೆ ಒಬ್ಬೊಬ್ಬರು ಒಂದೊಂದು ಕೊಟ್ಟಿದ್ದಾರೆ, ಚಮಚ, ಗ್ಯಾಲನ್ ಎಂದೆಲ್ಲ.

ಡಲ್ಲಾಸಿನಿಂದ · ಸೋಮವಾರ, ಸಂಜೆ 5:48

ಗ್ಯಾಲನ್ನನ್ನು ನಂಬಿ ಕೆಡಬೇಡಿ. ಇಲ್ಲಿಯ ಗ್ಯಾಲನ್ 3.8 ಲೀಟರ್, ಇಂಗ್ಲೆಂಡಿನದು 4.5. ಚಮಚವೂ ಹಾಗೆಯೇ, ಹರಳುಪ್ಪಿನ ಚಮಚ ಬೇರೆ, ಪುಡಿ ಉಪ್ಪಿನ ಚಮಚ ಬೇರೆ. ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ತೂಗಿ.

ನೀರಿನ ಮೇಷ್ಟ್ರು · ಸೋಮವಾರ, ಸಂಜೆ 6:30

ನಿಮ್ಮ ತೊಟ್ಟಿ 60 × 30 × 30 ಸೆಂಟಿಮೀಟರ್, ಅಂದರೆ 54 ಲೀಟರ್. ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45. ಆದರೆ ಉಪ್ಪನ್ನು ಅಲ್ಲಿ ಹಾಕಬೇಡಿ. ಸೋಪು ತಾಗದ ಹೊಸ ಪ್ಲಾಸ್ಟಿಕ್ ಟಬ್ ತನ್ನಿ, ಅಳೆದು 20 ಲೀಟರ್ ನೀರು ತುಂಬಿಸಿ. ನಲ್ಲಿ ನೀರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ. ಅದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಹೈಪೋ ಎಂದು ಬಳಸುತ್ತಿದ್ದುದೇ. ನಮ್ಮ ಕಾಲೇಜಿನ ಹೈಪೋ ಬಾಟಲಿಯಿಂದ ನಾನು ಎಷ್ಟು ಮೀನು ಉಳಿಸಿದ್ದೇನೆ ಎಂಬುದನ್ನು ನಿವೃತ್ತಿಯಾದ ಮೇಲೆ ಹೇಳಬಹುದು.

ಟಬ್ಬಿನ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ಗಾಳಿ ಗುಳ್ಳೆಯ ಪಂಪ್ ಇಡಿ. ಬೆಣ್ಣೆಯನ್ನು ಬಲೆಯಲ್ಲಿ ಬೇಡ, ಡಬ್ಬಿಯಲ್ಲಿ ನೀರಿನ ಸಮೇತ ಸಾಗಿಸಿ. ಬೇರೇನೂ ಬೆರೆಸದ ಕಲ್ಲುಪ್ಪು 20 ಗ್ರಾಂ, ಅಂದರೆ ಲೀಟರಿಗೆ 1 ಗ್ರಾಂ, ಲೋಟ ನೀರಿನಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 20, ಮತ್ತೆ ಹನ್ನೆರಡು ಗಂಟೆ ಬಿಟ್ಟು ಕೊನೆಯ 20. ಅಲ್ಲಿಗೆ ಸಾಕು.

ಎಲ್ಲರೂ ತಪ್ಪುವುದು ಇಲ್ಲಿ: ನೀರು ಆರಿ ಕಡಿಮೆಯಾದರೆ ಉಪ್ಪು ಕಡಿಮೆಯಾಗುವುದಿಲ್ಲ. ಆರಿದ್ದಕ್ಕೆ ಬರೀ ನೀರು. ನೀವು 8 ಲೀಟರ್ ತೆಗೆದು ಹೊಸ ನೀರು ಹಾಕಿದಾಗ ಮಾತ್ರ ಅದರ ಪಾಲಿನ 24 ಗ್ರಾಂ ಸೇರಿಸಿ. ಟಬ್ಬಿಗೆ ಫಿಲ್ಟರ್ ಇಲ್ಲವಲ್ಲ, ಹಾಗಾಗಿ ದಿನಾ 8ರಿಂದ 10 ಲೀಟರ್ ಬದಲಿಸಲೇಬೇಕು.

ಪುಟ್ಟಕ್ಕ · ಸೋಮವಾರ, ಸಂಜೆ 6:45

ಗಾಯಕ್ಕೆ ಉಪ್ಪು ಹಾಕಿದರೆ ಉರಿಯುವುದಿಲ್ಲವೇ? ನಮ್ಮಲ್ಲಿ ಗಾದೆಯೇ ಇದೆ.

ನೀರಿನ ಮೇಷ್ಟ್ರು · ಸೋಮವಾರ, ಸಂಜೆ 7:00

ಒಳ್ಳೆಯ ಪ್ರಶ್ನೆ ಮಗೂ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಚರ್ಮ ಕಿತ್ತುಹೋದ ಕಡೆಯಿಂದ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಒಳಗಿನ ಲವಣ ಹೊರಗೆ ಸೋರುತ್ತದೆ. ಆ ನೀರನ್ನು ಹೊರಹಾಕಲು ಮೂತ್ರಪಿಂಡ ಹಗಲೂ ರಾತ್ರಿ ದುಡಿಯಬೇಕು. ಹೊರಗೂ ಸ್ವಲ್ಪ ಉಪ್ಪಿದ್ದರೆ ಆ ದುಡಿಮೆ ಇಳಿಯುತ್ತದೆ, ಉಳಿದ ಶಕ್ತಿ ಗಾಯ ಮಾಯಲು ಸಿಗುತ್ತದೆ. ಲೀಟರಿಗೆ 3 ಗ್ರಾಂ ಎಂದರೆ ನಮ್ಮ ಕಣ್ಣೀರಿಗಿಂತಲೂ ಸಪ್ಪೆ.

ತುಂಗಾತೀರ · ಸೋಮವಾರ, ರಾತ್ರಿ 8:15

ಎಲ್ಲ ಸರಿ. ಅರಿಶಿನಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕಡಲಕರೆ · ಸೋಮವಾರ, ರಾತ್ರಿ 8:40

ಕೊಡುತ್ತೇನೆ ಅಣ್ಣ. ಅರಿಶಿನದೊಳಗಿನ ಕುರ್ಕುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ತೊಟ್ಟಿಗೆ ಸುರಿದರೆ ಪುಡಿ ತೇಲಿ, ಆಮೇಲೆ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ನಿಮ್ಮ ಅಜ್ಜಿ ಮಾಡಿದ್ದು ಬೇರೆ: ಮೀನನ್ನು ಎತ್ತಿ ಗಾಯಕ್ಕೇ ಮೆತ್ತಿ ಬಿಟ್ಟರು, ಅದೂ ಮನೆಯಲ್ಲೇ ಕುಟ್ಟಿದ ಅರಿಶಿನ, ಅದೂ ಇಡೀ ಬಾವಿಯ ನೀರಿಗೆ. ಪ್ಯಾಕೆಟ್ ಪುಡಿ, 45 ಲೀಟರ್ ನೀರು, ಸುಸ್ತಾದ ಮೀನು, ಇಲ್ಲಿ ಆ ಲೆಕ್ಕ ಕೂಡುವುದಿಲ್ಲ.

ಟೆಟ್ರಾಸೈಕ್ಲಿನ್ ಮಾತ್ರೆ ಒಡೆದು ಹಾಕಿ ಎಂದು ಯಾರಾದರೂ ಹೇಳುವ ಮುನ್ನವೇ ಹೇಳುತ್ತೇನೆ, ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡುಬಿಡುತ್ತದೆ, ಮೀನಿಗೆ ತಲುಪುವುದು ಕಡಿಮೆ. ಗಾಯ ಆಳವಾಗುತ್ತಿದ್ದರೆ, ಬಿಳಿ ಹತ್ತಿಯಂತೆ ಬೆಳೆದರೆ ಆಗ ಪಶುವೈದ್ಯರನ್ನೋ ಮೀನುಗಾರಿಕೆ ಕಾಲೇಜಿನವರನ್ನೋ ಕೇಳಿ. ಮಂಗಳೂರಿನದು 1969ರಲ್ಲಿ ಶುರುವಾದದ್ದು, ದೇಶದ ಮೊದಲ ಮೀನುಗಾರಿಕೆ ಕಾಲೇಜು. ನಮ್ಮ ಕಾಲೇಜು ಎಂದು ಹೊಗಳುತ್ತಿಲ್ಲ, ಸ್ವಲ್ಪ ಹೊಗಳುತ್ತಿದ್ದೇನೆ.

ತುಂಗಾತೀರ · ಸೋಮವಾರ, ರಾತ್ರಿ 9:05

ಬಾವಿಯ ನೀರಿನ ಮಾತು ಒಪ್ಪಿದೆ. ಆದರೆ ನಮ್ಮವರಿಗೆ ಮೀನು ಗೊತ್ತಿಲ್ಲ ಎನ್ನಬೇಡಿ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಹಸೀರ್‌ಗಳನ್ನು ದೇವರ ಮೀನು ಎಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದೇವೆ. ಶಿಶಿಲದಲ್ಲಿ ಯಾರೋ ವಿಷ ಹಾಕಿ ಮೀನುಗಳು ಸತ್ತಾಗ ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದ್ದಾರೆ.

ಕೆಂಪುಕೆರೆ · ಸೋಮವಾರ, ರಾತ್ರಿ 9:20

ಕಾಪಾಡಿದ್ದು ನಿಜ. ಆದರೆ ಪ್ರವಾಸಿಗರು ಚೀಲಗಟ್ಟಲೆ ಮಂಡಕ್ಕಿ ಸುರಿಯುವುದು ಕಾಪಾಡುವುದೇ?

ತುಂಗಾತೀರ · ಸೋಮವಾರ, ರಾತ್ರಿ 9:26

ಮಂಡಕ್ಕಿ ತಿಂದ ಮೀನು ನಿಮ್ಮ ಬೆಂಗಳೂರಿನ ಕೆರೆಯ ಮೀನಿಗಿಂತ ಗಟ್ಟಿಯಾಗಿದೆ.

ನಿರ್ವಾಹಕ · ಸೋಮವಾರ, ರಾತ್ರಿ 9:50

ಮಂಡಕ್ಕಿಯ ಬಗ್ಗೆ ಬಂದ ಹನ್ನೊಂದು ಉತ್ತರಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ.

ಬೆಣ್ಣೆನಗರಿ · ಗುರುವಾರ, ಸಂಜೆ 6:15

ಮೂರು ದಿನದ ವರದಿ. ಬೆಣ್ಣೆ ಟಬ್ಬಿನಲ್ಲಿದೆ. ಮೊದಲ ದಿನ ಏನೂ ತಿನ್ನಲಿಲ್ಲ. ನಿನ್ನೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ತಿಂದಿತು. ಸಿಪಾಯಿಯನ್ನು ದೊಡ್ಡ ತೊಟ್ಟಿಗೇ ಮರಳಿಸಿ ರಾತ್ರಿ ಸೌತೆಕಾಯಿ ಹೋಳಿಗೆ ಕಲ್ಲು ಕಟ್ಟಿ ಇಳಿಸಿದೆ. ಬೆಳಿಗ್ಗೆ ನೋಡಿದರೆ ಸಿಪ್ಪೆಯ ಉಂಗುರ ಮಾತ್ರ ಉಳಿದಿತ್ತು!

ಅಂಚೆಯಲ್ಲಿ ತರಿಸಿದ ಅಮೋನಿಯಾ ಪರೀಕ್ಷೆಯ ಹನಿಗಳು ಇವತ್ತು ಬಂದವು. ದೊಡ್ಡ ತೊಟ್ಟಿಯ ನೀರು ಹಸಿರು ಬಂತು, ಬಣ್ಣದ ಚೀಟಿಯಲ್ಲಿ 1 ಮತ್ತು 2ರ ನಡುವೆ. ಮೇಷ್ಟ್ರೇ, ಹಳದಿ ಬರಬೇಕಿತ್ತಲ್ಲವೇ?

ಇನ್ನೊಂದು ಭಯ. ಗಾಯದ ಅಂಚು ಕಪ್ಪಾಗುತ್ತಿದೆ. ಕೊಳೆಯುತ್ತಿದೆಯೇ?

ಕಡಲಕರೆ · ಗುರುವಾರ, ಸಂಜೆ 6:32

ಕಪ್ಪು ಒಳ್ಳೆಯ ಸುದ್ದಿ. ಗೋಲ್ಡ್ ಫಿಶ್‌ನ ಗಾಯ ಮಾಯುವಾಗ ಆ ಜಾಗಕ್ಕೆ ಕಪ್ಪು ವರ್ಣಕಣಗಳು ಬಂದು ಸೇರುತ್ತವೆ. ಅಮೋನಿಯಾದಿಂದ ಸುಟ್ಟ ಚರ್ಮ ಚೇತರಿಸಿಕೊಳ್ಳುವಾಗಲೂ ಹೀಗೆಯೇ. ಆಮೇಲೆ ತಾನಾಗಿಯೇ ಮಾಸುತ್ತದೆ. ಬಿಳಿ ನಾರು ಬಂದರೆ ಹೇಳಿ.

ನೀರಿನ ಮೇಷ್ಟ್ರು · ಗುರುವಾರ, ಸಂಜೆ 7:10

ಹಳದಿಯೇ ಬರಬೇಕು, ಅಂದರೆ ಸೊನ್ನೆ. ಬೇಸಿಗೆಯ ನೀರಿನಲ್ಲಿ, ಅದರಲ್ಲೂ ಕ್ಷಾರ ಹೆಚ್ಚಿರುವ ನೀರಿನಲ್ಲಿ, ಅಷ್ಟೇ ಅಮೋನಿಯಾ ಇನ್ನೂ ವಿಷವಾಗುತ್ತದೆ. ದಿನಾ ಅರ್ಧ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ಮುಟ್ಟಬೇಡಿ. ತೀರಾ ಕಟ್ಟಿಕೊಂಡರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ, ನಲ್ಲಿಯ ಹತ್ತಿರ ಒಯ್ಯಬೇಡಿ. ಕೊಳಕಾಗಿ ಕಂಡರೆ ಕಾಣಲಿ.

ಕಲ್ಲುಪ್ಪು · ಗುರುವಾರ, ಸಂಜೆ 7:25

ಕರೆಂಟು ಹೋದಾಗ ಏನು ಮಾಡುತ್ತೀರಿ? 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ನಿಮ್ಮೂರಿನ ಏಪ್ರಿಲ್‌ನಲ್ಲಿ ಎರಡು ಗಂಟೆ ಪಂಪ್ ನಿಂತರೆ ಟಬ್ಬಿನ ಮೀನಿಗೆ ಕಷ್ಟ. ಬ್ಯಾಟರಿಯಲ್ಲಿ ನಡೆಯುವ ಗಾಳಿ ಪಂಪ್ ಒಂದಿರಲಿ.

ಬೆಣ್ಣೆನಗರಿ · ಗುರುವಾರ, ಸಂಜೆ 7:31

ನಿನ್ನೆ ಕರೆಂಟು ಹೋಗಿತ್ತು. ಮಾವನವರು ಒಂದು ಗಂಟೆ ಕೂತು ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿದರು. ಅರಿಶಿನ ಹಾಕಲು ಬಿಡಲಿಲ್ಲವೆಂಬ ಸಿಟ್ಟು ಇದರಿಂದ ಸ್ವಲ್ಪ ಇಳಿದಿದೆ.

ಹೊಸಬ_77 · ಗುರುವಾರ, ರಾತ್ರಿ 9:00

ಮೊದಲು ಬರೆದದ್ದಕ್ಕೆ ಕ್ಷಮೆ ಇರಲಿ. ನಮ್ಮ ಮನೆಯಲ್ಲೂ ಒಂದು ಗುಂಡು ಬಟ್ಟಲಿನಲ್ಲಿ ಎರಡು ಗೋಲ್ಡ್ ಫಿಶ್ ಇವೆ. ವರ್ಷಕ್ಕೆ ನಾಲ್ಕು ಸಲ ಹೊಸದು ತರುತ್ತೇವೆ. ಏಕೆ ಸಾಯುತ್ತವೆ ಎಂದು ಈಗ ಅಂದಾಜಾಗುತ್ತಿದೆ. ಬಟ್ಟಲು ನಾಲ್ಕು ಲೀಟರ್.

ಅಂಗಡಿ ಮಾಲೀಕ · ಗುರುವಾರ, ರಾತ್ರಿ 9:12

ನಾಲ್ಕು ಲೀಟರ್‌ನಲ್ಲಿ ಗೋಲ್ಡ್ ಫಿಶ್ ಬೇಡ ಸರ್. ಮಾರುವವನೇ ಹೇಳುತ್ತಿದ್ದೇನೆ.

ಬೆಣ್ಣೆನಗರಿ · ಮೂರನೆಯ ವಾರ, ಶನಿವಾರ, ಬೆಳಿಗ್ಗೆ 11:00

ಬಾಲದ ಹರಿದ ಅಂಚಿನಲ್ಲಿ ಗಾಜಿನಂತಹ ಹೊಸ ಪೊರೆ ಬೆಳೆದಿದೆ. ಗಾಯದ ಮೇಲೆ ಚರ್ಮ ಕೂಡಿಕೊಂಡಿದೆ, ಹುರುಪೆ ಇನ್ನೂ ಬಂದಿಲ್ಲ. ಉಪ್ಪನ್ನು ನೀರು ಬದಲಿಸುತ್ತಲೇ ಇಳಿಸಿದ್ದೇನೆ. ದೊಡ್ಡ ತೊಟ್ಟಿಯ ಅಮೋನಿಯಾ ಎರಡು ದಿನಗಳಿಂದ ಹಳದಿ, ನೈಟ್ರೈಟ್ ಮಾತ್ರ ಇನ್ನೂ ಸೊನ್ನೆಗೆ ಬಂದಿಲ್ಲ.

ಈಗ ಸಿಪಾಯಿಯ ಪ್ರಶ್ನೆ. ಹೊಟ್ಟೆ ತುಂಬಿದರೆ ಮತ್ತೆ ಹಾಗೆ ಮಾಡುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಬಿಡು ಎನ್ನುತ್ತಾರೆ ಯಜಮಾನರು. ಮಗಳು "ಹಸಿದವರಿಗೆ ಶಿಕ್ಷೆ ಏಕಮ್ಮಾ?" ಎಂದು ಕೇಳುತ್ತಾಳೆ.

ಡಲ್ಲಾಸಿನಿಂದ · ಶನಿವಾರ, ಬೆಳಿಗ್ಗೆ 11:20

ಒಮ್ಮೆ ಲೋಳೆಯ ರುಚಿ ಹತ್ತಿದ ಸಕ್ಕರ್ ಅದನ್ನು ಬಿಡುವುದು ಕಷ್ಟ. ನಾನು ಹೊಟ್ಟೆ ತುಂಬ ತಿನ್ನಿಸಿ ಮತ್ತೆ ಒಟ್ಟಿಗೆ ಬಿಟ್ಟು ನೋಡಿದ್ದೇನೆ. ಹನ್ನೊಂದು ದಿನ ಸುಮ್ಮನಿತ್ತು. ಹನ್ನೆರಡನೆಯ ದಿನ ನನ್ನ ಗೋಲ್ಡ್ ಫಿಶ್‌ನ ಒಂದು ಕಣ್ಣು ಹೋಯಿತು. ಒಕ್ಕಣ್ಣಿನಲ್ಲೇ ಆರು ವರ್ಷ ಚೆನ್ನಾಗಿ ಬದುಕಿತು, ಆದರೆ ನನಗೆ ಅದರ ಆ ಬದಿಯನ್ನು ನೋಡಲು ಆಗುತ್ತಿರಲಿಲ್ಲ.

ಕಲ್ಲುಪ್ಪು · ಶನಿವಾರ, ಬೆಳಿಗ್ಗೆ 11:35

ಸ್ವಭಾವದ ಮಾತು ಬಿಡಿ, ಹವಾಮಾನವೇ ಹೊಂದುವುದಿಲ್ಲ. ಗೋಲ್ಡ್ ಫಿಶ್‌ಗೆ 18ರಿಂದ 24 ಡಿಗ್ರಿ ಹಿತ, ಸಕ್ಕರ್‌ಗೆ ಅದಕ್ಕಿಂತ ಬೆಚ್ಚಗೆ. ಎರಡು ಅಡಿಯ ತೊಟ್ಟಿ ಒರಾಂಡಾ ಒಂದಕ್ಕೇ ಇಕ್ಕಟ್ಟು.

ಹಳೇಪೇಟೆ · ಶನಿವಾರ, ಮಧ್ಯಾಹ್ನ 12:05

ನಮ್ಮ ತೋಟದಲ್ಲಿ ಸಿಮೆಂಟ್ ತೊಟ್ಟಿ ಇದೆ, ಹರಿಹರದ ಹತ್ತಿರ. ತಂದು ಬಿಡಿ. ಈ ಸಲ ಕೆರೆ ಎನ್ನಲಿಲ್ಲ, ನೋಡಿ.

ಕೆಂಪುಕೆರೆ · ಶನಿವಾರ, ಮಧ್ಯಾಹ್ನ 12:15

ಮಳೆಗಾಲದಲ್ಲಿ ತುಂಬಿ ಹರಿದರೆ ಆ ನೀರು ಎಲ್ಲಿಗೆ ಹೋಗುತ್ತದೆ?

ಹಳೇಪೇಟೆ · ಶನಿವಾರ, ಮಧ್ಯಾಹ್ನ 12:40

ಹಳ್ಳಕ್ಕೆ. ಹಳ್ಳ ತುಂಗಭದ್ರೆಗೆ. ಸರಿ, ಅರ್ಥವಾಯಿತು, ಮೆಕ್ಸಿಕೋ ಬೇಡ.

ಅಂಗಡಿ ಮಾಲೀಕ · ಶನಿವಾರ, ಮಧ್ಯಾಹ್ನ 1:30

ನನ್ನ ಅಂಗಡಿಯಲ್ಲಿ ಆರು ಅಡಿಯ ತೊಟ್ಟಿಯಲ್ಲಿ ದೊಡ್ಡ ಸಿಕ್ಲಿಡ್ ಮೀನುಗಳಿವೆ, ಸಕ್ಕರ್ ಅವುಗಳ ತಂಟೆಗೆ ಹೋಗುವುದಿಲ್ಲ, ಹೋದರೆ ಅವೇ ನೋಡಿಕೊಳ್ಳುತ್ತವೆ. ಅಡಗಲು ಮರದ ದಿಮ್ಮಿ ಇದೆ. ಸಿಪಾಯಿಯನ್ನು ಕಳುಹಿಸಿ. ಮಾರುವುದಿಲ್ಲ, ಮಾತು ಕೊಡುತ್ತೇನೆ. ಮುಚ್ಚಳವಿರುವ ಬಕೆಟ್ಟಿನಲ್ಲಿ ಅರ್ಧ ನೀರು, ಅರ್ಧ ಗಾಳಿ. ಹಿಂದಿನ ದಿನ ಆಹಾರ ಹಾಕಬೇಡಿ, ದಾರಿಯಲ್ಲಿ ನೀರು ಕೆಡುತ್ತದೆ.

ಬೆಣ್ಣೆನಗರಿ · ಮುಂದಿನ ಬುಧವಾರ, ರಾತ್ರಿ 9:40

ಸಿಪಾಯಿ ಭಾನುವಾರ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಯಿತು, ನನ್ನ ತಮ್ಮನ ತೊಡೆಯ ಮೇಲೆ ಬಕೆಟ್ಟಿನಲ್ಲಿ. ಕಂಡಕ್ಟರ್ ಒಳಗೇನಿದೆ ಎಂದು ಕೇಳಿ, ಮುಚ್ಚಳ ಎತ್ತಿ ನೋಡಿ, ಟಿಕೆಟ್ ಕೇಳಲಿಲ್ಲವಂತೆ.

ನೈಟ್ರೈಟೂ ಸೊನ್ನೆಗೆ ಬಂದಿತ್ತು, ಹಾಗಾಗಿ ಬೆಣ್ಣೆಯನ್ನು ನಿನ್ನೆ ದೊಡ್ಡ ತೊಟ್ಟಿಗೆ ಬಿಟ್ಟೆವು. ಕೋಟೆ ತೆಗೆದಿದ್ದೇವೆ. ಚೆನ್ನಾಗಿ ಈಜುತ್ತಿದೆ. ಆದರೆ ಸಂಜೆಯಾದರೆ ಬಲಗಡೆಯ ಮೂಲೆಗೆ ಹೋಗಿ ಗಾಜಿಗೆ ಮುಖವಿಟ್ಟು ನಿಲ್ಲುತ್ತದೆ. ಸಿಪಾಯಿ ಯಾವಾಗಲೂ ಅಂಟಿಕೊಂಡಿರುತ್ತಿದ್ದ ಜಾಗ ಅದೇ. ಮಗಳು "ಅವನನ್ನೇ ಹುಡುಕುತ್ತಿದೆ" ಎನ್ನುತ್ತಾಳೆ. ಅಷ್ಟು ಕಚ್ಚಿಸಿಕೊಂಡೂ ಹುಡುಕುತ್ತದೆಯೇ?

ಕಲ್ಲುಪ್ಪು · ಬುಧವಾರ, ರಾತ್ರಿ 9:52

ಆಹಾರವನ್ನು ಯಾವ ಮೂಲೆಯಲ್ಲಿ ಹಾಕುತ್ತೀರಿ?

ಬೆಣ್ಣೆನಗರಿ · ಬುಧವಾರ, ರಾತ್ರಿ 9:55

ಬಲಗಡೆ. ಮಗಳಿಗೆ ಹೇಳುವುದಿಲ್ಲ.